ವಿಶಾಲಮ್ಮನ ಚೀಲ, ಅಂಕಮ್ಮನ ಬೀಜ

ಹುಲಿಕೆರೆಗೆ ಹೋಗುವ ದಾರಿಯ ಒಂದು ಸಣ್ಣ ಊರಿನಲ್ಲಿ ವಿಶಾಲಮ್ಮ ಇಪ್ಪತ್ತಾರು ವರ್ಷದಿಂದ ಅಂಚೆ ನೋಡಿಕೊಳ್ಳುತ್ತಿದ್ದಾಳೆ. ಕಚೇರಿ ಎಂದರೆ ಅವಳ ಮನೆಯ ಮುಂದಿನ ಕೋಣೆಯೇ. ಒಂದು ಮೇಜು, ಒಂದು ತಕ್ಕಡಿ, ಬಾಗಿಲ ಪಕ್ಕ ಕೆಂಪು ಡಬ್ಬಿ. ಅಂಚೆಯ ಹೊತ್ತಿನಲ್ಲಿ, ಕಟ್ಟಿಕೊಂಡ ಗಂಡ ಕೂಡ ಹಿತ್ತಿಲ ಬಾಗಿಲಿನಿಂದಲೇ ಓಡಾಡಬೇಕು.

ಮೊದಲು ಅಂಚೆ ಚೀಲ ಮಧ್ಯಾಹ್ನ ಮೂರಕ್ಕೆ ಹೋಗುತ್ತಿತ್ತು. ಹೋದ ವರ್ಷ ಖರ್ಚು ಇಳಿಸಬೇಕೆಂದು ಮೇಲಿನವರು ಮಧ್ಯಾಹ್ನದ ಗಾಡಿ ನಿಲ್ಲಿಸಿದರು. ಚೀಲ ಹೊರುತ್ತಿದ್ದ ಕೆಂಚಯ್ಯನ ಕೆಲಸ ಹೋಯಿತು. ವಿಶಾಲಮ್ಮನ ಕೆಲಸದ ಹೊತ್ತೂ ಸಂಬಳವೂ ಇಳಿದವು. ಈಗ ಬೆಳಗಿನ ಬಸ್ಸಿಗೇ ಚೀಲ, ಹತ್ತೂವರೆಗೆ ಅದರ ಬಾಯಿ ಕಟ್ಟಿ ಮುದ್ರೆ. ಬಸ್ಸಿನವರೆಗೂ ಅವಳೇ ಹೊರುತ್ತಾಳೆ.

ಇದರಿಂದ ಹೆಚ್ಚು ಕಷ್ಟವಾದದ್ದು ಅದೇ ಊರಿನ ಗೆಳತಿ ಅಂಕಮ್ಮನಿಗೆ. ಅವಳು ಸೋರೆ, ಹೀರೆ, ಅವರೆಯ ನಾಟಿ ಬೀಜ ಎತ್ತಿಟ್ಟು, ಕೇಳಿದವರಿಗೆ ಅಂಚೆಯಲ್ಲಿ ಕಳಿಸುತ್ತಾಳೆ. ಬೀಜಕ್ಕೆ ಬಿಸಿಲು ತಾಗಬೇಕು, ನೆರಳಲ್ಲಿ ಆರಬೇಕು, ಆಮೇಲೇ ಕಟ್ಟಬೇಕು. ಇಲ್ಲದಿದ್ದರೆ ದಾರಿಯಲ್ಲೇ ಬೂಸಲು. ಇಷ್ಟೆಲ್ಲ ಹತ್ತೂವರೆಯೊಳಗೆ ಮುಗಿಯುವುದು ಕಷ್ಟ.

ಮುಂಗಾರಿನ ಹೊತ್ತಿಗೆ ಶಿರಸಿ ಕಡೆಯ ಹೆಂಗಸರ ಸಂಘವೊಂದು ಅವಳಲ್ಲಿ ಬೀಜ ಕೇಳಿತು. ಅಷ್ಟು ದೊಡ್ಡ ಗಿರಾಕಿ ಅವಳಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಬುಧವಾರ ಬಿತ್ತನೆ, ಅಷ್ಟರಲ್ಲಿ ಬೀಜ ಬರದಿದ್ದರೆ ಬೇಡ ಎಂದಿದ್ದರು. ಇಲ್ಲಿ ಮೂರು ದಿನ ಮೋಡ ಕವಿದುಕೊಂಡಿತ್ತು. ಶನಿವಾರ ಬೆಳಿಗ್ಗೆ ಬಿಸಿಲು ಬಂತು. ಅಂಕಮ್ಮ ಒಣಗಿಸಿ, ನೆರಳಲ್ಲಿ ಆರಿಸಿ, ಬಟ್ಟೆಯಲ್ಲಿ ಹೊಲಿದು, ಗಂಟು ಹೊತ್ತು ಓಡಿಬಂದಾಗ ಹತ್ತೂವರೆ ದಾಟಿ ಹತ್ತು ನಿಮಿಷ. ಮುದ್ರೆ ಬಿದ್ದ ಚೀಲ ಇನ್ನೂ ಮೇಜಿನ ಮೇಲೇ ಇತ್ತು.

"ಚೀಲದ ಬಾಯಿ ಬಿಚ್ಚಿ ಹಾಕ್ಕೊಳ್ಳೇ. ನಾಳೆ ಭಾನುವಾರ, ಸೋಮವಾರ ಹೋದ್ರೆ ಬುಧವಾರಕ್ಕೆ ಮುಟ್ಟಲ್ಲ. ಯಾರು ನೋಡ್ತಾರೆ?"

"ಯಾರೂ ನೋಡಲ್ಲ. ಆದ್ರೂ ಬಿಚ್ಚಕ್ಕಾಗಲ್ಲ ಕಣೇ."

"ನಿನ್ನ ಸಂಬಳ ಕುಯ್ದರು, ಕೆಂಚಯ್ಯನ್ನ ಮನೆಗೆ ಕಳಿಸಿದ್ರು. ಅಂಥೋರಿಗೆ ಇಷ್ಟು ನಿಯತ್ತಾ?"

ವಿಶಾಲಮ್ಮ ಚೀಲ ಹೊತ್ತು ಬಸ್ಸಿಗೆ ಕೊಟ್ಟು ಬಂದಳು. ಅಂಕಮ್ಮ ಜಗಲಿಯ ಮೇಲೆ ಮುಖ ತಿರುಗಿಸಿ ಕೂತಿದ್ದಳು. ವಿಶಾಲಮ್ಮ ಗಂಟನ್ನು ತೂಗಿ, ಅಂಚೆ ವೆಚ್ಚ ಈಸಿಕೊಂಡು, ಇನ್ನು ಮನೆಗೆ ಹೋಗು ಎಂದಳು.

ಒಂದು ಗಂಟೆಗೆ ಕಚೇರಿಯ ಬಾಗಿಲು ಹಾಕಿದವಳು, ಒಲೆಯ ಮೇಲಿನ ಸಾರನ್ನೂ ಬಡಿಸಿಕೊಳ್ಳದೆ, ಒಂದೂವರೆ ಬಸ್ಸಿಗೆ ಹಳೇಬೀಡಿಗೆ ಹೋಗಿ, ಅಲ್ಲಿಂದ ಬೇಲೂರಿನ ಬಸ್ಸು ಹಿಡಿದಳು. ಬೇಲೂರಿನ ದೊಡ್ಡ ಕಚೇರಿಯಿಂದ ಸಂಜೆಯೂ ಚೀಲ ಹೊರಡುತ್ತಿತ್ತು. ಗಂಟು ಮಡಿಲಲ್ಲಿತ್ತು. ಕಿಟಕಿಯಿಂದ ಹನಿ ಬೀಳುತ್ತದೆಂದು ಅದಕ್ಕೆ ಸೆರಗು ಮುಚ್ಚಿದ್ದಳು.

ಬೇಲೂರು ಅಂಚೆ ಕಚೇರಿಯಲ್ಲಿ ಏಳು ಜನರ ಹಿಂದೆ ನಿಂತಳು. ಕಿಟಕಿಯ ಒಳಗಿದ್ದ ಚಿದಂಬರನಿಗೆ ಅವಳ ಪರಿಚಯ ಚೆನ್ನಾಗಿತ್ತು. ನಮ್ಮವರೇ ಸಾಲಲ್ಲಿ ನಿಂತರೆ ಹೇಗಮ್ಮ, ಒಳಗೆ ಬನ್ನಿ ಎಂದು ಕರೆದ.

"ಒಳಗ್ಯಾಕಪ್ಪ? ಇವತ್ತು ನಾನು ಗಿರಾಕಿ," ಎಂದಳು ವಿಶಾಲಮ್ಮ. ಸರದಿ ಬಂದ ಮೇಲೇ ಗಂಟು ಕೊಟ್ಟು, ರಸೀದಿಯನ್ನು ಮಡಚಿ ಎಲೆಯಡಿಕೆ ಚೀಲದಲ್ಲಿಟ್ಟುಕೊಂಡಳು. ಆ ಬಸ್ಸುಗಳ ಚಾರ್ಜಿನ ಮಾತನ್ನು ಅವಳು ಯಾರ ಹತ್ತಿರವೂ ಎತ್ತಲಿಲ್ಲ.

ಮಂಗಳವಾರ ಸಂಜೆ ಶಿರಸಿಯಿಂದ ಅಂಕಮ್ಮನಿಗೆ ಫೋನು ಬಂತು. ಬೀಜ ತಲುಪಿತ್ತು, ಒಂದಕ್ಕೂ ಬೂಸಲು ಹಿಡಿದಿರಲಿಲ್ಲ. ಅಂಕಮ್ಮ ಬಂದು ಜಗಲಿಯ ಮೇಲೆ ಕೂತಳು. ವಿಶಾಲಮ್ಮ ಬೇಲೂರಿನ ರಸೀದಿಯನ್ನು ಎಲೆಯಡಿಕೆ ಚೀಲದಿಂದ ತೆಗೆದು ಅವಳ ಕೈಗಿಟ್ಟಳು. ಅದನ್ನು ಓದಿ ಮಡಚಿಟ್ಟುಕೊಂಡು ಅಂಕಮ್ಮ, ನಾಳೆ ಇನ್ನೊಂದು ಗಂಟು ಐತೆ, ಚೀಲ ಎಷ್ಟೊತ್ತಿಗೆ ಎಂದು ಕೇಳಿದಳು.

"ಹತ್ತೂವರೆಗೆ," ಎಂದಳು ವಿಶಾಲಮ್ಮ. "ಆಮೇಲೆ ಬಂದ್ರೆ ಒಂದೂವರೆ ಬಸ್ಸಿಗೆ ಬೇಲೂರು. ನೀನೂ ಬಾ, ಸಾಲಲ್ಲಿ ನಿಂತ್ಕೊಂಡು ಮಾತಾಡೋಕೆ ಜನ ಬೇಕು."