ಅಟ್ಟಕ್ಕೆ ಹಾಕಿದ ಏಣಿ

ಆಗ ನನಗೆ ಅರವತ್ತೆರಡು. ಹನ್ನೊಂದು ವರ್ಷದ ಹಿಂದಿನ ಮಾತು. ಮೊನ್ನೆ ಅಟ್ಟದಿಂದ ಚಕ್ಕುಲಿ ಒರಳು ಇಳಿಸುವಾಗ ಅದರ ಹಿಂದಿನಿಂದ ಗೋಲಿಯಂಥ ಒಂದು ಕ್ಯಾಮೆರಾ ವೈರಿನ ಸಮೇತ ನೆತ್ತಿಯ ಮೇಲೆ ಬಿತ್ತು. ನೋವಾಯಿತು. ಬಯ್ಯಲು ಬಾಯಿ ತೆರೆದೆ... ಮೇಲ್ಮನೆಯವರ ನೆನಪಾಯಿತು.

ದೂರದ ಪರರಾಜ್ಯದಲ್ಲಿ, ವಸ್ತ್ರಾಪುರದ ಈ ಅಪಾರ್ಟ್‌ಮೆಂಟಿಗೆ ನಾವು ಬಂದದ್ದು ಗಂಡನ ಬ್ಯಾಂಕಿನ ವರ್ಗದಿಂದ. ನಾನು ಗದಗಿನ ಕಡೆಯವಳು, ಓದಿದ್ದು ಮೂರನೆಯ ಇಯತ್ತೆ. ಮೇಲ್ಮನೆಯವರು ಮೈಸೂರಿನ ಹೆಂಗಸು. ಸರ್ಕಾರದ ಸಂಶೋಧನಾ ಕೇಂದ್ರದಲ್ಲಿ ಕಂಪ್ಯೂಟರ್ ಕೆಲಸ ಮಾಡಿ ನಿವೃತ್ತರಾಗಿ ಒಬ್ಬರೇ ಇದ್ದರು. ಅವರ ಸಾರಿಗೆ ಬೆಲ್ಲ ಜಾಸ್ತಿ, ನನ್ನದಕ್ಕೆ ಖಾರ ಜಾಸ್ತಿ. ಬಟ್ಟಲು ಬದಲಾಯಿಸಿಕೊಂಡು, ಬಯ್ದುಕೊಂಡು ತಿನ್ನುತ್ತಿದ್ದೆವು.

ಊರಿನಲ್ಲಿರುವ ನನ್ನ ತಂಗಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತಿಲ್ಲ. ಚಿಕ್ಕವರಿದ್ದಾಗ ನಾವಿಬ್ಬರೇ ಕಟ್ಟಿಕೊಂಡ ಕೈಮಾತು ಅವಳ ಭಾಷೆ. ಇನ್ನೊಬ್ಬರಿಗೆ ಅದು ಪೂರ್ತಿ ತಿಳಿಯದು. ಆ ಚಳಿಗಾಲ ಅವಳ ಕಣ್ಣಿಗೆ ಪೊರೆ ಬಂದು, ನಾಳೆ ಆಪರೇಷನ್ ಎನ್ನುವಾಗ ಅವಳ ಮಗಳು ಫೋನ್ ಮಾಡಿದಳು. "ದೊಡ್ಡವ್ವಾ, ಅವ್ವ ಒಲ್ಲೆ ಅಂತ ಕಂಬಾ ಹಿಡಕೊಂಡು ಕುಂತಾಳ. ದವಾಖಾನ್ಯಾಗ ಕಣ್ಣಿಗೆ ಪಟ್ಟಿ ಕಟ್ಟಿದವರನ್ನ ನೋಡಿ ಬಂದಾಳ. ಕಣ್ಣು ಕಿತ್ತೇ ಬಿಡ್ತಾರ ಅಂತ ತಿಳದಾಳ." ಇನ್ನು ತಡಮಾಡಬೇಡಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅವಳಿಗೆ ಕಣ್ಣೇ ಕಿವಿ. ಅದೂ ಹೋದರೆ ಅವಳೊಡನೆ ಮಾತಾಡುವುದು ಹೇಗೆ?

ಒಂದು ದಿನದಲ್ಲಿ ಊರು ಮುಟ್ಟುವುದು ಆಗದ ಮಾತು. ತಂಗಿಯ ಮಗಳ ಮನೆಯಲ್ಲಿ ಕಂಪ್ಯೂಟರ್ ಇತ್ತು, ನನ್ನ ಹತ್ತಿರ ಗುಂಡಿ ಒತ್ತುವ ಫೋನು. ಮೇಲ್ಮನೆಯವರ ಕಂಪ್ಯೂಟರಿಗೆ ಸಿಕ್ಕಿಸಿ ತಂಗಿಗೆ ನನ್ನ ಕೈ ಕಾಣಿಸೋಣವೆಂದು, ನವರಂಗಪುರದ ಪೇಟೆಗೆ ಹೋಗಿ ಕ್ಯಾಮೆರಾ ಕೊಂಡು ತಂದು ಮೇಲ್ಮನೆಗೆ ಹತ್ತಿದೆ.

"ಇದು ಕ್ಯಾಮೆರಾನ ಗುರುತೇ ಹಿಡೀತಿಲ್ವಲ್ರೀ" ಎಂದರು ಅವರು. ಯಂತ್ರವನ್ನೆಲ್ಲ ನಡೆಸುವ ಮೂಲಭಾಗಕ್ಕೆ ಕರ್ನಲ್ ಎನ್ನುತ್ತಾರಂತೆ. ಹಳೆಯ ಯಂತ್ರಕ್ಕೆ ಭಾರವಾಗಬಾರದೆಂದು ಅವರೇ ಅದನ್ನು ಸಣ್ಣದಾಗಿ ಕಟ್ಟಿಕೊಂಡಿದ್ದರು. ಕ್ಯಾಮೆರಾ ನಡೆಸುವ ತುಂಡು ಅದರಲ್ಲಿರಲಿಲ್ಲ. ಸೇರಿಸಿ ಮತ್ತೆ ಕಟ್ಟಬೇಕು. ಪರದೆಯ ಮೇಲೆ ಅಂಥ ತುಂಡುಗಳ ಮಾರುದ್ದ ಪಟ್ಟಿ ಬಂತು. ಒಂದೊಂದನ್ನೂ ಒಳಗೇ ಕೂಡಿಸಬಹುದು, ಬೇಡವೆನ್ನಬಹುದು, ಇಲ್ಲವೇ ಬೇಕಾದಾಗ ಇಳಿಸಿಕೊಳ್ಳುವಂತೆ ಬೇರೆ ಇಡಬಹುದು. ಹಾಗೆ ಬೇರೆ ಇಟ್ಟದ್ದಕ್ಕೆ ಮಾಡ್ಯೂಲ್ ಎಂದು ಹೆಸರು.

"ಅಂದ್ರ ಒಲಿ ಕಟ್ಟಿ ಮ್ಯಾಲ, ಚಕ್ಕಲಿ ಒರಳು ಅಟ್ಟದ ಮ್ಯಾಲ" ಎಂದೆ.

"ಸರಿಯಾಗಿ ಹೇಳಿದ್ರಿ ನೋಡಿ!"

ಅಲ್ಲೇ ಕೆಟ್ಟಿತು. ನನ್ನ ಮಾತು ಅವರಿಗೆ ಹಿಡಿಸಿಬಿಟ್ಟಿತು. ಅವರು ಒಂದೊಂದೇ ಓದಿ "ಇದು?" ಎನ್ನುವುದು, ನಾನು ಹಸಿ ತೊಗರಿ ಬಿಡಿಸುತ್ತ "ಅಟ್ಟಕ್ಕ ಒಗೀರಿ" ಎನ್ನುವುದು, ಇಬ್ಬರೂ ನಗುವುದು. ಯಂತ್ರ ಗುಂಯ್‌ಗುಟ್ಟುತ್ತ ಗಂಟೆಗಟ್ಟಲೆ ಕಟ್ಟಿತು. ಕಟ್ಟಿದ್ದನ್ನು ಚಾಲೂ ಮಾಡಿದರೆ ನಾಲ್ಕು ಸಾಲು ಮೂಡಿ ನಿಂತೇ ಹೋಯಿತು.

ಅವರು ಕನ್ನಡಕ ತೆಗೆದು ಹಣೆ ಹಿಡಿದುಕೊಂಡರು. "ಅಯ್ಯೋ ಶಿವನೇ... ಡಿಸ್ಕ್ ಓದೋ ತುಂಡನ್ನೂ ಅಟ್ಟಕ್ಕೆ ಹಾಕ್ಬಿಟ್ಟಿದೀನಿ. ಆ ಅಟ್ಟ ಇರೋದೇ ಡಿಸ್ಕ್ ಒಳಗೆ!"

"ಅಂದ್ರ ಏಣಿನೂ ಅಟ್ಟದ ಮ್ಯಾಲನ ಇಟ್ರಿ?"

"ಹೂಂ ಕಣ್ರೀ."

"ಇಷ್ಟ್ ಕಲತು ಏನ್ ಕಡದು ಕಟ್ಟಿ ಹಾಕಿದ್ರಿ, ಅಕ್ಕಾರ?"

"ಅಟ್ಟಕ್ಕೆ ಒಗೀರಿ ಅಂದೋರು ಯಾರು? ಬಾಯ್ಮುಚ್ಕೊಂಡು ಕಾಳು ಬಿಡಿಸ್ರೀ."

ಹಳೆಯ ಕರ್ನಲನ್ನು ಅವರು ಪುಣ್ಯಕ್ಕೆ ಅಳಿಸಿರಲಿಲ್ಲ. ಅದರಿಂದಲೇ ಯಂತ್ರವನ್ನು ಎಬ್ಬಿಸಿ, ಏಣಿಯನ್ನು ಒಳಗೇ ಕೂಡಿಸಿ, ಮತ್ತೆ ಕಟ್ಟಿದರು. ಈ ಸಲ ನಾನು ಬರೀ ಕಾಳು ಬಿಡಿಸಿದೆ.

ದೀಪ ಹಚ್ಚುವ ಹೊತ್ತಿಗೆ ತಂಗಿ ಕಂಡಳು. ಅತ್ತು ಮುಖ ಊದಿತ್ತು. ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದು ನನ್ನ ಕೈ ನೋಡಿದಳು. ನಾನು ಒಂದು ಕಣ್ಣಿನ ಮೇಲೆ ಅಂಗೈ ಮುಚ್ಚಿದೆ. ಇನ್ನೊಂದು ಕೈಯನ್ನು ಸೂರ್ಯನಂತೆ ಮೇಲೇರಿಸಿ ಹೊತ್ತು ಮೂಡಿಸಿದೆ. ಅಂಗೈ ತೆಗೆದು, ಕಣ್ಣರಳಿಸಿ ಅವಳನ್ನು ನೋಡಿದೆ. ಮತ್ತೆ ಮಾಡಿದೆ. ಅವಳು ತಾನೂ ಮಾಡಿ ನೋಡಿದಳು... ಕೊನೆಗೆ ಹೂಂ ಎಂದು ತಲೆಯಾಡಿಸಿದಳು.

ನನ್ನ ಹಿಂದೆ ನಿಂತವರು ಯಾರು ಎಂದು ಕೇಳಿದಳು. ಕೈಯಲ್ಲೇ ಏಣಿಯ ಕಥೆ ಹೇಳಿದೆ. ನಕ್ಕು, ಎರಡು ಮುಷ್ಟಿ ಒಂದರ ಮೇಲೊಂದು ಏರಿಸುತ್ತ ಏಣಿ ಹತ್ತಿದಳು. ಅಂದಿನಿಂದ ನಮ್ಮ ಕೈಮಾತಿನಲ್ಲಿ ಮೇಲ್ಮನೆಯವರ ಹೆಸರು ಅದೇ. "ಇರೋ ಹೆಸರಿಗಿಂತ ಇದೇ ವಾಸಿ ಬಿಡ್ರೀ" ಎನ್ನುತ್ತಿದ್ದರು ಅವರು.

ಆಪರೇಷನ್ ಆಯಿತು. ತಂಗಿಯ ಕಣ್ಣು ಉಳಿಯಿತು. ಈಗ ನನಗೂ ದೊಡ್ಡ ಫೋನಿದೆ. ಬೆಳಿಗ್ಗೆ ಮುಖ ಕಂಡ ಕೂಡಲೇ ಅವಳು ಏಣಿ ಹತ್ತಿ, ಹೇಗಿದ್ದಾರೆ ಎಂದು ಕೇಳುತ್ತಿದ್ದಳು.

ಹೋದ ತಿಂಗಳು ಮೇಲ್ಮನೆಯವರು ವಡೋದರಕ್ಕೆ ಹೋದವರು, ತಮ್ಮ ಮಗಳ ಮನೆಯಲ್ಲೇ ತೀರಿಕೊಂಡರು. ಸಂಜೆ ಸುದ್ದಿ ಬಂತು. ಬೆಲ್ಲದ ಸಾರು ಇನ್ನಿಲ್ಲ, ನನ್ನ ಖಾರ ನಾನೇ ತಿನ್ನಬೇಕು. ಅಷ್ಟೇ...

ಮರುದಿನ ಬೆಳಿಗ್ಗೆ ಫೋನಿನ ಮುಂದೆ ಕೂತೆ. ತಂಗಿ ಎಂದಿನಂತೆ ಏಣಿ ಹತ್ತಿದಳು. ನಾನೂ ಹತ್ತಿ, ಕಣ್ಣಿನ ಮೇಲೆ ಅಂಗೈ ಮುಚ್ಚಿದೆ. ಅವಳು ಕೂಡಲೇ ಹೊತ್ತು ಮೂಡಿಸಿ, ಪಟ್ಟಿ ಬಿಚ್ಚುವುದು ಯಾವಾಗ ಎಂದು ಕೇಳಿದಳು.

ನಾನು ಅಂಗೈ ತೆಗೆಯಲಿಲ್ಲ.