ದೇವರ ಗೋಡೆಯನ್ನು ಬಳಸಿ ಬಂದ ತಂತಿ

ಐವತ್ತೆಂಟು ವರ್ಷದವರೆಗೆ ತಂತಿಯ ಬಗ್ಗೆ ನನಗೆ ತಿಳಿದಿದ್ದು ಒಂದೇ ವಿಷಯ: ಒದ್ದೆ ಕೈಯಲ್ಲಿ ಮುಟ್ಟಬಾರದು. ಈಗ ನಿಜವಾದ ತಾಮ್ರ ಯಾವುದು, ತಾಮ್ರದ ವೇಷ ಹಾಕಿದ ಅಲ್ಯುಮಿನಿಯಂ ಯಾವುದು ಎಂದು ಹೇಳಬಲ್ಲೆ. ಯಾವ ವಯಸ್ಸಿಗೆ ಏನು ಕಲಿಸಬೇಕೆಂದು ದೇವರೇ ಲೆಕ್ಕ ಇಟ್ಟುಕೊಂಡಿರುತ್ತಾನೆ.

ತಮಿಳುನಾಡಿನ ತೇನಿ ಹತ್ತಿರದ ಹನುಮಂತನಪಟ್ಟಿಯ ನಮ್ಮ ಮನೆಗೆ ಎರಡಡಿ ದಪ್ಪದ ಗೋಡೆಗಳು. ಬೇಸಿಗೆಯಲ್ಲಿ ಬೆನ್ನು ಕೊಟ್ಟು ಕೂತರೆ ಫ್ಯಾನ್ ಬೇಡ. ಆದರೆ ಬಿಸಿಲನ್ನು ತಡೆದ ಹಾಗೆಯೇ ವೈಫೈಯನ್ನೂ ತಡೆಯುತ್ತವೆ. ನೆಟ್ಟಿನ ಪೆಟ್ಟಿಗೆ ಇರುವುದು ಮುಂದಿನ ಹಾಲಿನಲ್ಲಿ, ಸೊಸೆ ಕವಿತಾಳ ಕೋಣೆ ಹಿಂದೆ. ಅವಳದು ಮನೆಯಿಂದಲೇ ಮಾಡುವ ಕೆಲಸ, ಕಂಪನಿಯೊಂದರ ಗಿರಾಕಿಗಳ ದೂರು ಕೇಳುವುದು. ಸಿಗ್ನಲ್ ಹುಡುಕುತ್ತ ಅಡುಗೆಮನೆ ಬಾಗಿಲಿಗೆ ಬಂದು ಕೂರುತ್ತಿದ್ದಳು. ಕೆಟ್ಟ ಮಿಕ್ಸಿಯ ಬಗ್ಗೆ ದೂರು ಹೇಳುವವರಿಗೆ ನನ್ನ ಮಿಕ್ಸಿಯ ಸದ್ದು ಕೇಳಿಸುತ್ತಿತ್ತು.

ಒಂದು ದಿನ ಕೊತ್ತವರೆಕಾಯಿ ಬಿಡಿಸುತ್ತ ಹೇಳಿದಳು: ಈ ತಿಂಗಳೊಳಗೆ ಸದ್ದಿಲ್ಲದ ಜಾಗ, ಕಡಿಯದ ನೆಟ್ ಎರಡೂ ಆಗದಿದ್ದರೆ ಕೆಲಸ ಹೋಗುತ್ತದೆ. ಎರಡು ವರ್ಷ ಹುಡುಕಿ ಪಡೆದ ಕೆಲಸ. ಅಳಲಿಲ್ಲ, ಕಾಯಿಯ ನಾರು ತೆಗೆಯುತ್ತಲೇ ಇದ್ದಳು. ಅತ್ತಿದ್ದರೆ ಸಮಾಧಾನ ಹೇಳಿ ಸುಮ್ಮನಾಗುತ್ತಿದ್ದೆನೋ ಏನೋ. ಹೇಗೂ ಮನೆ ರಿಪೇರಿ ನಡೆದಿತ್ತು, ಗಾರೆ ಬೀಳಲು ಇನ್ನೂ ಹತ್ತು ದಿನ. ಅಷ್ಟರಲ್ಲಿ ಅವಳ ಕೋಣೆಗೆ ತಂತಿ ಮುಟ್ಟಿಸಿಯೇ ತೀರಬೇಕೆಂದು ಪಟ್ಟು ಹಿಡಿದೆ.

ಎಲೆಕ್ಟ್ರಿಷಿಯನ್ ಪಾಂಡಿ ಅಳತೆ ಹಿಡಿದು, ದೇವರ ಕೋಣೆಯ ಗೋಡೆ ಕೊರೆದರೆ ಎಂಟೇ ಅಡಿ ತಂತಿ ಸಾಕು ಎಂದ. ಎಂಬತ್ತು ದಾಟಿದ ನಮ್ಮತ್ತೆ ಕೂಡದು ಎಂದು ತಲೆಯೆತ್ತಿದರು. ಕಟ್ಟಿದಂದಿನಿಂದ ಆ ಗೋಡೆಗೆ ಮೊಳೆ ಹೊಡೆದಿಲ್ಲ. ಕ್ಯಾಲೆಂಡರು ಕೂಡ ಅದರ ಕಡೆ ಮುಖ ಮಾಡಿಕೊಂಡು ಎದುರುಗೋಡೆಯಲ್ಲೇ ನೇತಾಡುತ್ತದೆ. ಕೊನೆಗೆ ನಮ್ಮ ಮನೆಯಲ್ಲಿ ಎಲ್ಲ ಜಗಳ ಮುಗಿಯುವ ಹಾಗೆ ಇದೂ ಮುಗಿಯಿತು: ಹೂ ಕೇಳುವುದು. ಕೆಂಪು ಕಣಗಿಲೆ ಒಂದು, ಬಿಳಿಯದು ಒಂದು, ಬೇರೆಬೇರೆ ಕಾಗದದಲ್ಲಿ ಮಡಿಸಿ ಮನೆದೇವರ ಮುಂದೆ ಇಡಬೇಕು. ಬಿಳಿ ಬಂದರೆ ಅಪ್ಪಣೆ. ಮದುವೆಗೆ, ಬಾವಿಗೆ ಕೇಳಿದ್ದುಂಟು; ನೆಟ್ಟಿಗೆ ಇದೇ ಮೊದಲು.

“ಕೆಲ್ಸ ಯಾರ್ದೋ ಅವ್ಳೇ ತೆಗೀಲಿ,” ಅಂದರು ಅತ್ತೆ.

ಕವಿತಾ ತೆಗೆದಳು. ಕೆಂಪು.

ಇನ್ನೊಮ್ಮೆ ಕೇಳೋಣವೇ ಎಂದು ನನ್ನ ಮನಸ್ಸು ಜಾರಿದ್ದು ನಿಜ. ಆದರೆ ದೇವರನ್ನು ಎರಡನೇ ಸಲ ಕೇಳುವುದು ಕೇಳುವುದಲ್ಲ, ದಬಾಯಿಸುವುದು. ಹೊರಗೋಡೆಯ ಮೇಲೆ ಸುತ್ತಿಸು ಎಂದೆ ಪಾಂಡಿಗೆ.

“ಎಂಟಡಿ ಹೋಗೋ ವೈರನ್ನ ನಲವತ್ತು ಮೀಟ್ರು ಮೆರವಣಿಗೆ ಮಾಡಿಸ್ತೀರಲ್ಲಕ್ಕಾ.”

“ಪಳನೀಲಿ ಬೆಟ್ಟ ಹತ್ತೋಕೆ ಮುಂಚೆ ನಾವು ಸುತ್ತು ಬರಲ್ವಾ? ಅದೂ ಬರ್ಲಿ.”

ಮಾರನೆಯ ದಿನ ಪಾಂಡಿ ಒಂದು ಸುರುಳಿ ತಂದು, ಇದೇ ಪೋದುಂ, ಇಷ್ಟು ಸಾಕು ಎಂದ. ದೂರ ಹೆಚ್ಚಾದರೆ ಕಳಪೆ ತಂತಿ ಸೋಲುತ್ತದೆ ಎಂದು ಕವಿತಾ ಫೋನಿನಲ್ಲಿ ಓದಿ ಹೇಳಿದ್ದಳು. ತಾಮ್ರ ಬಳಿದ ತಳದ ಪಾತ್ರೆಗಳನ್ನು ತೊಳೆದು ತೊಳೆದು ಬಣ್ಣ ಕಳೆದವಳು ನಾನು. ತಂತಿಯ ತುದಿಯನ್ನು ಈಳಿಗೆಮಣೆಯ ಅಲಗಿಗೆ ಹೆರೆದೆ. ಕೆಂಪು ಹೋಗಿ ಒಳಗಿನ ಅಲ್ಯುಮಿನಿಯಂ ಬೆಳ್ಳಗೆ ಹೊಳೆಯಿತು. ಪಾಂಡಿ ಕೆಟ್ಟವನಲ್ಲ; ಎಲ್ಲರೂ ಕೇಳುವುದು ಇದನ್ನೇ ಎಂದು ತಲೆ ಕೆರೆದುಕೊಂಡ.

ನಮ್ಮ ಮನೆಯವರನ್ನು ಜೊತೆಗೆ ಕರೆದುಕೊಂಡು ತೇನಿಯ ಅಂಗಡಿಗೆ ನಾನೇ ಹೋದೆ. ಅಂಗಡಿಯವರು ಎಲ್ಲ ವಿವರವನ್ನೂ ಅವರಿಗೇ ಹೇಳುತ್ತಿದ್ದರು, ನಮ್ಮ ಮನೆಯವರು ನನ್ನ ಕಡೆ ಕೈ ತೋರಿಸುತ್ತಿದ್ದರು. ಕ್ಯಾಟ್ ಸಿಕ್ಸ್ ಅನ್ನುವ ನೆಟ್ಟಿನ ತಂತಿ, ಅಪ್ಪಟ ತಾಮ್ರದ್ದೇ ಬೇಕು ಎಂದೆ. ಅಲ್ಲೇ ಹೆರೆದು ನೋಡಿದೆ. ಕರೆಂಟಿನ ಪೈಪಿನಲ್ಲೇ ಇದನ್ನೂ ತೂರಿಸುತ್ತೇನೆಂದು ಪಾಂಡಿ ಆಸೆಪಟ್ಟ. ಅದಕ್ಕೂ ಒಪ್ಪಲಿಲ್ಲ. ಎರಡೂ ಒತ್ತಿಕೊಂಡಿದ್ದರೆ, ಗೊರಕೆ ಹೊಡೆಯುವವರ ಪಕ್ಕ ಮಲಗಿದವರ ಹಾಗೆ, ನೆಟ್ಟಿಗೆ ನೆಮ್ಮದಿ ಇರುವುದಿಲ್ಲವಂತೆ. ಪೈಪು ಬೇರೆ, ದಾರಿ ಬೇರೆ.

ಗಾರೆಗೆ ಮುಂಚೆಯೇ ಕವಿತಾ ಬಾಗಿಲು ಹಾಕಿಕೊಂಡು ಕೂತಳು. ಒಂದು ದಿನ, ಎರಡು ದಿನ, ಒಂದು ಕರೆಯೂ ಕಡಿಯಲಿಲ್ಲ. ಮೂರನೆಯ ದಿನ ಕೆಲಸದಲ್ಲೇ ಮುಂದುವರಿಯಿರಿ ಎಂದು ಕಂಪನಿಯಿಂದ ಪತ್ರ ಬಂತು. ಬಿಳಿ ಹೂ ಬಂದಿದ್ದರೆ ಎಂಟಡಿಗೆ ಯಾವ ತಂತಿಯಾದರೂ ಸಾಕೆಂದು ನಾನು ಹೆರೆದು ನೋಡುತ್ತಲೇ ಇರಲಿಲ್ಲ. ಬೇಡ ಅನ್ನುವುದರಲ್ಲೂ ದೇವರು ಕರುಣೆ ಇಟ್ಟಿರುತ್ತಾನೆ ಎಂದು ದೀಪಕ್ಕೆ ಒಂದು ಬತ್ತಿ ಹೆಚ್ಚು ಹಾಕಿದೆ.

ಹಾಕಿ ಬಂದು ಅಡುಗೆಮನೆಯಲ್ಲಿ ಕೂತಾಗ ಬಾಗಿಲು ಖಾಲಿ. ಅವಳ “ಸಾರಿ ಸರ್, ಸಾರಿ ಸರ್” ಇಲ್ಲದೆ ಹುಣಸೆಹಣ್ಣು ಕಿವುಚುವುದು ಕೂಡ ಬೇಸರ ಎನಿಸಿತು. ಇಷ್ಟೆಲ್ಲ ಹಟ ಹಿಡಿದು ನಾನು ಮಾಡಿದ್ದು ನನ್ನ ಜೊತೆಗಾತಿಯನ್ನು ಎರಡಡಿ ಗೋಡೆಯ ಆಚೆ ಕಳಿಸಿದ್ದು. ಯಾರಿಗೂ ಹೇಳಲಿಲ್ಲ. ಗಾರೆಯವರು ಬರುವ ಮೊದಲು ಪಾಂಡಿಯನ್ನು ಕರೆದು, ಅಡುಗೆಮನೆ ಬಾಗಿಲ ಹತ್ತಿರವೂ ಒಂದು ಪಾಯಿಂಟ್ ಇಡು ಎಂದೆ.

“ಯಾಕಕ್ಕಾ, ಸಾಂಬಾರಿಗೂ ನೆಟ್ ಬೇಕಾ?”

“ಬೇಕು,” ಅಂದೆ.

ಈಗ ಕರೆಗಳಿಲ್ಲದ, ಬರೀ ಟೈಪು ಮಾಡುವ ಕೆಲಸವಿದ್ದಾಗ ಕವಿತಾ ಅಲ್ಲಿಗೆ ಬಂದು ತಂತಿ ಸಿಕ್ಕಿಸಿಕೊಂಡು ಕೂರುತ್ತಾಳೆ. ಕೋಣೆಯಲ್ಲೂ ನೆಟ್ ಇದೆಯಲ್ಲ ಎಂದು ನಾನು ಕೇಳುವುದಿಲ್ಲ. ಕೇಳಿದರೆ ಎದ್ದು ಹೋದಾಳು.