ಮೇಲಿನ ಮನೆಯ ಬೀಗದ ಕೈ

ವರ್ಷಕ್ಕೆರಡು ಸಲ ಪ್ರವಾಸ ಹೊರಡುವ ನಮ್ಮ ಮೇಲಿನ ಮನೆಯಾಕೆಯನ್ನು ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ. “ನಿಮ್ಮನ್ನ ಬಿಟ್ರೆ ನನಗ್ಯಾರಿದ್ದಾರೆ ಹೇಳಿ” ಎನ್ನುತ್ತ ಬೀಗದ ಕೈಯನ್ನೂ ನಾಲ್ಕು ಹಾಳೆ ಸೂಚನೆಗಳನ್ನೂ ನನ್ನ ಕೈಗೆ ತುರುಕುತ್ತಾರೆ. ಆಗುವುದಿಲ್ಲ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಟ್ಯಾಕ್ಸಿ ಹತ್ತಿರುತ್ತಾರೆ. ಅವರ ಎರಡು ಬೆಕ್ಕುಗಳಲ್ಲಿ ದೊಡ್ಡದಕ್ಕೆ ನೀರು ಉಗುರುಬೆಚ್ಚಗಿರಬೇಕು, ಚಿಕ್ಕದು ತಿನ್ನುವಾಗ ಯಾರೂ ನೋಡಬಾರದು. ದಿನಕ್ಕೆ ಮೂರು ಸಲ ಫೋನು: “ಮಕ್ಕಳ ಊಟ ಆಯ್ತಾ? ಸ್ಪೀಕರ್ ಹಾಕಿ, ನಾನು ಮಾತಾಡ್ಬೇಕು.” ಜ್ವರ ಬಂದು ನಾನು ಕೆಮ್ಮಿದರೆ, “ಅವುಗಳ ಹತ್ರ ಕೆಮ್ಮಬೇಡಿ, ಹೆದರ್ಕೊಳ್ತವೆ.” ನನ್ನ ಊಟ ಆಯಿತೇ ಎಂದು ಇವತ್ತಿನವರೆಗೆ ಕೇಳಿದ್ದಿಲ್ಲ. ನಿನ್ನೆ ಅವುಗಳ ಕಕ್ಕಸಿನ ಮರಳು ಬದಲಾಯಿಸುವಾಗ ಕೈ ಪರಚಿಸಿಕೊಂಡು, “ಹಾಳಾಗಿ ಹೋಗಿ, ನಾನು ಹೋಗ್ತೀನಿ” ಎಂದು ಬೈದು, ಬಾಗಿಲು ದಢಾರನೆ ಎಳೆದುಕೊಂಡು ಬಂದೆ. ಆ ಹಾಳೆಗಳನ್ನು ಹರಿದೆಸೆಯಲು ಕೈಗೆತ್ತಿಕೊಂಡಾಗ ಕೊನೆಯ ಸಾಲು ಕಣ್ಣಿಗೆ ಬಿತ್ತು: “ಹೊರಡುವಾಗ ‘ಹೋಗ್ತೀನಿ’ ಅನ್ನಬೇಡಿ, ‘ಬರ್ತೀನಿ’ ಅನ್ನಿ. ನಮ್ಮನೆಯವರು ಹೋಗ್ತೀನಿ ಅಂತ ಹೇಳಿ ಹೋದಮೇಲೆ ಇವೆರಡೂ ಒಂದು ವಾರ ಬಾಗಿಲು ಬಿಟ್ಟು ಕದಲಲಿಲ್ಲ.” ಆಕೆಯನ್ನು ಬಾಯಿಗೆ ಬಂದಂತೆ ಬೈಯುತ್ತಲೇ ಮತ್ತೆ ಮೆಟ್ಟಿಲು ಹತ್ತಿ, ಬೀಗ ತೆಗೆದು, “ಬರ್ತೀನಿ” ಎಂದೆ.